ಅಂಗಡಿಯವರು "ಕೂತ್ಕೊಳ್ಳುತ್ತೆ" ಅಂದ ತಕ್ಷಣ ದುಡ್ಡು ಎಣಿಸಬೇಡಿ

ಮಂಡ್ಯ, ಮೈಸೂರು ಕಡೆ ಕಡಿಮೆ ದುಡ್ಡಲ್ಲಿ ಗೇಮಿಂಗ್ ಪಿಸಿ ಕಟ್ಟೋ ಯೋಚನೆ ಇರೋರು ಅಂಗಡಿ ಮೆಟ್ಟಿಲು ಹತ್ತೋ ಮುಂಚೆ ಇದನ್ನ ಓದಿಬಿಡಿ. ನನ್ನ ಬಜೆಟ್ 45 ಸಾವಿರ. ಅದರಲ್ಲಿ ಅರ್ಧ ಅಮ್ಮನ ಚೀಟಿ ದುಡ್ಡು. ಹೊಟ್ಟೆ ಜಾಸ್ತಿ ಉರಿಯೋದು ಅದಕ್ಕೇ.

ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಬೇಕು ಅಂತಿದ್ದೋನು, ಹತ್ತಿರ ಆಗುತ್ತೆ ಅಂತ ಮೈಸೂರಿನ ಒಂದು ಅಂಗಡಿಗೆ ಹೋದೆ. ರೈಜನ್ 5 5600 ಪ್ರೊಸೆಸರ್, ಎಲ್ಲ ಭಾಗಗಳೂ ಸಿಕ್ಕಿಕೊಳ್ಳೋ ಬಿ450 ಮದರ್‌ಬೋರ್ಡು, ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡು, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ಎಸ್‌ಎಸ್‌ಡಿ. ಕ್ಯಾಬಿನೆಟ್ ಜೊತೆ ಪವರ್ ಸಪ್ಲೈ 'ಫ್ರೀ'. ಒಂದೊಂದಕ್ಕೂ ನಾನು ಕೇಳಿದ್ದು ಒಂದೇ ಮಾತು: "ಅಣ್ಣ, ಇದು ಅದಕ್ಕೆ ಕೂರುತ್ತಾ?" "ಆರಾಮಾಗಿ ಕೂತ್ಕೊಳ್ಳುತ್ತೆ ಸರ್." ಅವನು ಸುಳ್ಳು ಹೇಳಲಿಲ್ಲ. ಎಲ್ಲವೂ ಕೂತ್ಕೊಂಡವು.

ರಾತ್ರಿ ಮನೇಲಿ ಚಾಪೆ ಮೇಲೆ ಹರಡಿಕೊಂಡು ಜೋಡಿಸಿ ಸ್ವಿಚ್ ಒತ್ತಿದರೆ ಫ್ಯಾನು ತಿರುಗುತ್ತೆ, ಪರದೆ ಕಪ್ಪು. ಕೇಬಲ್ ಬದಲಾಯಿಸಿದೆ, ರ‍್ಯಾಮ್ ಕಿತ್ತು ಒರೆಸಿ ಹಾಕಿದೆ. ಕಾರ್ಡು ತೆಗೆದು ಬೋರ್ಡಿನ ಎಚ್‌ಡಿಎಂಐಗೇ ಕೇಬಲ್ ಸಿಕ್ಕಿಸಿದೆ. 5600ರಲ್ಲಿ ಒಳಗೆ ಗ್ರಾಫಿಕ್ಸೇ ಇಲ್ಲ, ಹೆಸರಿನ ಕೊನೆಗೆ 'ಜಿ' ಇರೋ 5600ಜಿಯಲ್ಲಿ ಇದೆ ಅನ್ನೋದು ಆಗ ನಂಗೆ ಗೊತ್ತಿರಲಿಲ್ಲ. ಎರಡು ದಿನ ಹೀಗೇ ಹೋಯ್ತು.

ಮೂರನೇ ದಿನ ಮಂಡ್ಯದಲ್ಲೇ ರಿಪೇರಿ ಮಾಡೋ ಹಿರಿಯರೊಬ್ಬರ ಹತ್ತಿರ ಹೊತ್ಕೊಂಡು ಹೋದೆ. ಬೋರ್ಡಿನ ಡಬ್ಬ ತಿರುಗಿಸಿ ನೋಡಿದವರೇ ನಕ್ಕರು. "ಬೋರ್ಡು 2018ರ ಕಾಲದ್ದು ಕಣಪ್ಪ, ನಿನ್ನ ರೈಜನ್ 5000 ಸರಣಿ ಬಂದಿದ್ದು 2020ರ ಕೊನೇಲಿ. ಬೋರ್ಡನ್ನ ಎಬ್ಬಿಸೋ ಒಳಗಿನ ಪ್ರೋಗ್ರಾಂ, ಅದೇ ಬಯೋಸ್, ಹಳೇದು. ನಿನ್ನ ಪ್ರೊಸೆಸರ್ ಯಾರು ಅಂತ ಅದಕ್ಕೆ ಹೆಂಗೆ ಗೊತ್ತಾಯ್ತದೆ?" ಸಾಕೆಟ್ಟು, ಅಂದ್ರೆ ಪ್ರೊಸೆಸರ್ ಕೂರೋ ಗೂಡು, ಎರಡರದ್ದೂ ಎಎಂ4, ಅದಕ್ಕೇ ಕೂತಿದೆ. ಬಯೋಸ್ ಹೊಸದು ಮಾಡೋಣ ಅಂದ್ರೆ ಬೋರ್ಡು ಆನ್ ಆಗಬೇಕಲ್ಲ? ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ಹಾಕೋ ಗುಂಡಿ ಇರುತ್ತೆ, ನಂದರಲ್ಲಿ ಇಲ್ಲ. ಅವರು ತಮ್ಮ ಹಳೇ ರೈಜನ್ 3 2200ಜಿ ಹಾಕಿ, ಮಧ್ಯೆ ಕರೆಂಟ್ ಹೋದ್ರೆ ಬೋರ್ಡೇ ಸತ್ತೋಗುತ್ತೆ ಅಂತ ಯುಪಿಎಸ್‌ಗೆ ಸಿಕ್ಕಿಸಿ ಅಪ್‌ಡೇಟ್ ಮಾಡಿಕೊಟ್ಟರು. ನಮ್ಮೂರಿನ ಕರೆಂಟ್ ನಂಬಿ ಇದನ್ನ ಮನೇಲಿ ಮಾಡೋಕೆ ಹೋಗಬೇಡಿ.

ಪರದೆ ಬಂತು. ಖುಷಿ ಇದ್ದದ್ದು ಸಂಜೆವರೆಗೆ. ಗೇಮ್ ಹಾಕಿ ಇಪ್ಪತ್ತು ನಿಮಿಷಕ್ಕೆ ಪಿಸಿ ದಪ್ಪಂತ ಆಫ್, ಜೊತೆಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಆ ಫ್ರೀ ಪವರ್ ಸಪ್ಲೈ ಮೇಲೆ ದಪ್ಪಕ್ಷರದಲ್ಲಿ 500 ವಾಟ್ ಅಂತ ಇದೆ. ಪಕ್ಕದ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಎದುರು ಬರೆದಿರೋದು 18 ಆಂಪ್. ಗುಣಿಸಿ ನೋಡಿ, 216 ವಾಟ್. ಪ್ರೊಸೆಸರೂ ಕಾರ್ಡೂ ಕರೆಂಟ್ ಕುಡಿಯೋದು ಈ 12 ವೋಲ್ಟಿನಿಂದಲೇ. ಕಾರ್ಡೊಂದೇ 107 ವಾಟ್, ಪ್ರೊಸೆಸರ್ 65 ವಾಟಿನ ದರ್ಜೆಯದು, ಜೋರಾಗಿ ಓಡುವಾಗ ಅದಕ್ಕಿಂತ ಜಾಸ್ತಿ. ಸಾಲದ್ದಕ್ಕೆ ಕಾರ್ಡಿಗೆ ಬೇಕಾದ ಆರು ಪಿನ್ನಿನ ವೈರೇ ಅದರಲ್ಲಿ ಇರಲಿಲ್ಲ. ಹಳೇ ಹಾರ್ಡ್‌ಡಿಸ್ಕಿನ ಪ್ಲಗ್ಗಿಗೆ ಹಾಕೋ ಕನ್ವರ್ಟರ್ ಒಂದನ್ನ ಅಂಗಡಿಯವನೇ ಕವರಿಗೆ ಹಾಕಿದ್ದ. ಕರಗಿದ್ದು ಅದೇ. ಕಾರ್ಡು ಉಳೀತು, ಯಾರ ಪುಣ್ಯಾನೋ.

ಒಳ್ಳೆ ಪವರ್ ಸಪ್ಲೈಗೆ ಮತ್ತೆ ಸಾಲ ಮಾಡಿದೆ. ಆಫ್ ಆಗೋದು ನಿಂತಿತು, ಆದ್ರೆ ಹೊಸ ಗೇಮುಗಳು ತಡವರಿಸೋದು ನಿಲ್ಲಲಿಲ್ಲ. ಇದು ಮೂರನೇ 'ಕೂತ್ಕೊಳ್ಳುತ್ತೆ'. 6500 ಎಕ್ಸ್‌ಟಿ ನೋಡೋಕೆ ಉದ್ದನೆ ಸ್ಲಾಟಿನಲ್ಲೇ ಕೂರುತ್ತೆ, ಒಳಗೆ ಮಾತ್ರ ಇರೋದು ನಾಲ್ಕೇ ಲೇನ್, ಅಂದ್ರೆ ಡೇಟಾ ಓಡಾಡೋ ದಾರಿ. ಪಿಸಿಐ ಎಕ್ಸ್‌ಪ್ರೆಸ್ 4.0 (ಆ ಸ್ಲಾಟಿನ ವೇಗದ ದರ್ಜೆ) ಇರೋ ಬೋರ್ಡಿನಲ್ಲಿ ಹೆಂಗೋ ಸಾಗುತ್ತೆ. ಬಿ450ಯಲ್ಲಿ ಇರೋದು 3.0, ಅಂದ್ರೆ ದಾರಿ ಅರ್ಧಕ್ಕರ್ಧ ಕಿರಿದು. ಕಾರ್ಡಿನದೇ ಆದ 4 ಜಿಬಿ ಮೆಮೊರಿ ತುಂಬಿದಾಗ ಗೇಮು ರ‍್ಯಾಮ್ ಕಡೆ ಕೈ ಚಾಚುತ್ತಲ್ಲ, ಆಗ ಈ ಕಿರಿದಾರಿಯಲ್ಲಿ ಟ್ರಾಫಿಕ್ ಜಾಮ್. ಅದೇ ಪ್ರೊಸೆಸರಿಗೆ ಬಿ550 ತಗೊಂಡಿದ್ರೆ 4.0 ಸಿಗ್ತಿತ್ತು. ಆಟ ರೆಕಾರ್ಡ್ ಮಾಡಿ ಹಾಕೋಣ ಅಂತಿದ್ದ ನನ್ನ ತಮ್ಮನಿಗೆ ಇನ್ನೊಂದು ಪೆಟ್ಟು: ಈ ಕಾರ್ಡಿನಲ್ಲಿ ವಿಡಿಯೋ ಎನ್‌ಕೋಡರೇ ಇಲ್ಲ.

ವಾಪಸ್ ಕೇಳೋಕೆ ಮೈಸೂರಿಗೆ ಹೋದೆ. "ಡಬ್ಬ ಒಡೆದಿದ್ದೀರಲ್ಲ ಸರ್. ಕೂರುತ್ತಾ ಅಂತ ಕೇಳಿದ್ರಿ, ಕೂತಿದೆಯಲ್ಲ?" ಅಂದ. ಬಿಲ್ ತೋರಿಸೋಣ ಅಂದ್ರೆ ನನ್ನ ಹತ್ತಿರ ಇದ್ದದ್ದು ಎಸ್ಟಿಮೇಟ್ ಚೀಟಿ. ಜಿಎಸ್‌ಟಿ ಬಿಲ್ ಬೇಡ ಅಂದ್ರೆ ಇಷ್ಟು ಕಮ್ಮಿ ಅಂದಿದ್ದಕ್ಕೆ ತಲೆ ಆಡಿಸಿದ್ದೋನು ನಾನೇ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡೋಕೂ ಕೈಯಲ್ಲಿ ಬಿಲ್ ಇದ್ರೆ ತಾನೇ ಧೈರ್ಯ ಬರೋದು.

ಮಂಡ್ಯದಲ್ಲಿ ಯಾರಾದ್ರೂ ಬಿ550 ಬೋರ್ಡು ಮಾರೋರಿದ್ರೆ ತಿಳಿಸಿ. ಬಯೋಸ್ ಯಾವ ಆವೃತ್ತಿ ಅಂತ ಫೋಟೋ ತೆಗೆದಿಟ್ಟಿರಿ, ಬಂದು ಓಡಿಸಿ ನೋಡೇ ದುಡ್ಡು ಕೊಡ್ತೀನಿ.