ನಿವೃತ್ತಿ ಆದ ಮೇಲೆ ಏನು ಮಾಡುವುದು? ಶಾಲೆ, ಕೆರೆ, ವಿಕಿಸೋರ್ಸ್, ಗಮಕ, ತಾರಸಿ: ಐದನ್ನೂ ಮಾಡಿ ನೋಡಿದ ಮೇಲೆ

ನಾನು ಬ್ಯಾಂಕಿನ ಕೆಲಸದಿಂದ 60ಕ್ಕೆ ನಿವೃತ್ತಳಾದೆ. ಇರುವುದು ಮೈಸೂರಿನಲ್ಲಿ. ಆಮೇಲಿನ ವರ್ಷಗಳಲ್ಲಿ ಐದು ಕೆಲಸಕ್ಕೆ ಕೈ ಹಾಕಿದೆ. ಸರ್ಕಾರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವುದು, ಕೆರೆ ದಂಡೆಯಲ್ಲಿ ಹಕ್ಕಿ ನೋಡುವುದು, ಕನ್ನಡ ವಿಕಿಸೋರ್ಸ್ ಅನ್ನುವ ಅಂತರ್ಜಾಲದ ಪುಸ್ತಕಾಲಯದಲ್ಲಿ ಹಳೆ ಪುಸ್ತಕ ತಿದ್ದುವುದು, ಗಮಕ ಕಲಿಯುವುದು, ತಾರಸಿ ಮೇಲೆ ಸೊಪ್ಪು ತರಕಾರಿ ಬೆಳೆಯುವುದು. ಯಾವುದನ್ನೂ ನಾಲ್ಕು ದಿನಕ್ಕೆ ಬಿಡಲಿಲ್ಲ. ಹಾಗಾಗಿ ಯಾವುದು ಯಾರಿಗೆ ಹೊಂದುತ್ತದೆ ಅಂತ ಸ್ವಲ್ಪ ಧೈರ್ಯವಾಗಿ ಹೇಳಬಲ್ಲೆ.

"ನಿಮಗೆ ಇಷ್ಟವಾದದ್ದು ಮಾಡಿ" ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಸಲಹೆ ಉಪಯೋಗಕ್ಕೆ ಬರಲಿಲ್ಲ. ಜೀವನವಿಡೀ ಸಂಸಾರ, ಆಫೀಸು ಅಂತ ಓಡಿದವರಿಗೆ ತಮಗೆ ಇಷ್ಟ ಏನು ಅನ್ನುವುದೇ ಥಟ್ಟನೆ ನೆನಪಾಗುವುದಿಲ್ಲ, ಅಲ್ವಾ? ನಾನು ಬೇರೆ ಪ್ರಶ್ನೆ ಇಟ್ಟುಕೊಂಡೆ. ನಾಳೆ ನಾನು ಹೋಗದಿದ್ದರೆ "ಯಾಕೆ ಬರಲಿಲ್ಲ" ಅಂತ ಯಾರಾದರೂ ಕೇಳುತ್ತಾರಾ? ಪಿಂಚಣಿ ತಿಂಗಳು ತಿಂಗಳು ಬರುತ್ತದೆ, ಆದರೆ ನಿವೃತ್ತಿಯ ಮಾರನೇ ದಿನದಿಂದ ನಮಗಾಗಿ ಕಾಯುವವರು ಯಾರೂ ಇರುವುದಿಲ್ಲ. ಕೊರಗುವುದು ಅಲ್ಲೇ. ಜೊತೆಗೆ ಇನ್ನೆರಡು ಪ್ರಶ್ನೆ: ಆರು ತಿಂಗಳಾದ ಮೇಲೆ ನನಗೆ ಮೊದಲಿಗಿಂತ ಚೆನ್ನಾಗಿ ಬರುತ್ತದಾ? ಮಗಳ ಮನೆಗೆ ಎರಡು ಮೂರು ತಿಂಗಳು ಹೋಗಬೇಕಾಗಿ ಬಂದರೆ ಏನಾಗುತ್ತದೆ?

ತಾರಸಿ ತೋಟವನ್ನು ಬೇಗ ಮುಗಿಸಿಬಿಡುತ್ತೇನೆ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಸೇರಿಸಿ ಒಂದು ಹಿಡಿ ಬೇವಿನ ಹಿಂಡಿ ಹಾಕಿದರೆ ಕುಂಡ ತಯಾರು. ದಂಟು, ಮೆಂತ್ಯ, ಪಾಲಕ್ ತಿಂಗಳೊಪ್ಪತ್ತಿನಲ್ಲಿ ಅಡುಗೆಮನೆಗೆ ಬರುತ್ತವೆ. ಬಸಳೆ ಒಮ್ಮೆ ಹಬ್ಬಿದರೆ ಅಕ್ಕಪಕ್ಕದ ಮನೆಗೂ ಸಾಕು. ಖುಷಿಯ ವಿಷಯದಲ್ಲಿ ಪೂರ್ತಿ ಅಂಕ. ಆದರೆ ಕೆಲಸ ಬೆಳಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು, ನಡುವಿನ ದೊಡ್ಡ ಹಗಲು ಹಾಗೇ ಉಳಿಯುತ್ತದೆ, ಮಾತಿಗೆ ಜನವೂ ಸಿಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಎರಡು ದಿನ ಊರಲ್ಲಿ ಇಲ್ಲದಿದ್ದರೆ ಸೊಪ್ಪು ಒಣಗಿಹೋಗುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದು ಹೊರಗೆ ಕಾಲಿಡಲು ಆಗದವರಿಗೆ ಇದು ಮೊದಲ ಆಯ್ಕೆ. ಉಳಿದವರು ಇದನ್ನೇ ನಂಬಿ ದಿನ ಕಳೆಯಲು ಹೋಗಬೇಡಿ.

ಗಮಕ ಪೂರಾ ಉಲ್ಟಾ. ಜನರಿಲ್ಲದೆ ಅದು ನಡೆಯುವುದೇ ಇಲ್ಲ. ಒಬ್ಬರು ಕಾವ್ಯವನ್ನು ರಾಗದಲ್ಲಿ ಓದಬೇಕು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳಬೇಕು, ಎದುರಿಗೆ ಕೇಳುವವರು ಬೇಕು. ಸಂಗೀತ ಬಾರದವರು ಸುಮ್ನೆ ಹೆದರುತ್ತಾರೆ. ಇಲ್ಲಿ ತಾಳದ ಕಟ್ಟು ಇಲ್ಲ, ಪದ್ಯದ ಭಾವ ಬದಲಾದ ಹಾಗೆ ರಾಗವೂ ಬದಲಾಗುತ್ತದೆ, ಕೇಳುವವರಿಗೆ ಮಾತು ಸ್ಪಷ್ಟವಾಗಿ ಮುಟ್ಟಬೇಕು ಅನ್ನುವುದೇ ದೊಡ್ಡ ನಿಯಮ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯಲ್ಲಿ ಓಡುತ್ತದೆ. ಆ ಓಟದಲ್ಲಿ ಪದಗಳು ಸಾಲಿನ ಕೊನೆಗೆ ತುಂಡಾಗುತ್ತವೆ, ಅರ್ಥ ಕೆಡದ ಹಾಗೆ ಅವನ್ನು ಸೇರಿಸಿ ಹಾಡಬೇಕು. ಇದು ಬಂದ ದಿನ ಆಗುವ ಸಂತೋಷ ದೊಡ್ಡದು. 2022ರಲ್ಲಿ ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ ಪದ್ಮಶ್ರೀ ಬಂದಾಗ, ಗಮಕ ಅಂದರೆ ಏನು ಅಂತ ಕೇಳುತ್ತಿದ್ದ ನಮ್ಮ ನೆಂಟರಿಗೂ ಅದರ ಹೆಸರು ಗೊತ್ತಾಯಿತು.

ತೊಂದರೆ ಏನೆಂದರೆ, ತರಗತಿ ವಾರಕ್ಕೆ ಒಂದೋ ಎರಡೋ ದಿನ. ಮಿಕ್ಕ ದಿನಗಳಲ್ಲಿ ಒಬ್ಬರೇ ಅಭ್ಯಾಸ ಮಾಡುವ ಶಿಸ್ತು ಇರಬೇಕು. ಸಂಗೀತ ಕಲಿತವರು ಮುಂದೆ ಹೋಗುತ್ತಾರೆ, ಬೇರೆಯವರು ಮೆಲ್ಲಗೆ ಬರುವುದು ಬಿಡುತ್ತಾರೆ. ಅಂಥವರಿಗೆ ನಾನು ಹೇಳುವುದು, ಬಿಡಬೇಡಿ, ವ್ಯಾಖ್ಯಾನದ ಕಡೆ ತಿರುಗಿ. ಅದಕ್ಕೆ ಕಂಠ ಬೇಡ, ಓದು ಬೇಕು. ಮೇಷ್ಟ್ರಾಗಿದ್ದವರು, ವಕೀಲರಾಗಿದ್ದವರು ಇದರಲ್ಲಿ ಬೇಗ ಮಿಂಚುತ್ತಾರೆ.

ಈಗ ನಿಜವಾದ ಪೈಪೋಟಿಗೆ ಬರೋಣ. ನನ್ನ ಮಟ್ಟಿಗೆ ಅದು ಶಾಲೆ ಮತ್ತು ಕೆರೆಯ ನಡುವೆ.

ಶಾಲೆ ಅಂದರೆ ನಮ್ಮ ಬಡಾವಣೆಯ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿಯವರೆಗೆ ಅಲ್ಲಿ ನಲಿಕಲಿ ನಡೆಯುತ್ತದೆ. 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ಶುರುವಾದ ಪದ್ಧತಿ ಅದು. ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ನಾಲ್ಕನೇ ತರಗತಿಗೆ ಬಂದಾಗ ಎಲ್ಲರಿಗೂ ಒಂದೇ ಪಾಠ, ಒಂದೇ ಬೋರ್ಡು. ನಿಧಾನವಾಗಿ ಬರುತ್ತಿದ್ದ ಮಗು ಅಲ್ಲಿ ಹಿಂದೆ ಬೀಳುತ್ತದೆ. ಎರಡು ತರಗತಿಯನ್ನು ಒಬ್ಬರೇ ನೋಡಿಕೊಳ್ಳುವ ಟೀಚರಿಗೆ ಆ ಮಗುವಿನ ಪಕ್ಕ ಕೂರಲು ಸಮಯ ಎಲ್ಲಿ? ನಿವೃತ್ತರು ಉಪಯೋಗಕ್ಕೆ ಬರುವುದು ಇಲ್ಲೇ. ನಾನು ನಾಲ್ಕು, ಐದನೇ ತರಗತಿಯ ಹಿಂದುಳಿದ ಐದಾರು ಮಕ್ಕಳನ್ನು ಜಗುಲಿಗೆ ಕರೆದುಕೊಂಡು ಬಂದು ಕೂರಿಸಿಕೊಳ್ಳುತ್ತೇನೆ, ಅಷ್ಟೆ.

304ರಿಂದ 187 ಕಳೆಯಿರಿ ಅಂದರೆ ಅರ್ಧ ಮಕ್ಕಳು ನಿಂತುಬಿಡುತ್ತಾರೆ. ನಾಲ್ಕರಲ್ಲಿ ಏಳು ಹೋಗುವುದಿಲ್ಲ, ಪಕ್ಕದಿಂದ ಸಾಲ ತರೋಣ ಅಂದರೆ ಪಕ್ಕದಲ್ಲಿ ಸೊನ್ನೆ. ನನಗೆ ಗೊತ್ತಿರುವುದು ಬ್ಯಾಂಕಿನ ದಾರಿ. ರಟ್ಟಿನಲ್ಲಿ ನೂರರ ನೋಟು, ಹತ್ತರ ನೋಟು, ಒಂದು ರೂಪಾಯಿ ಬಿಲ್ಲೆ ಕತ್ತರಿಸಿ ಕೊಟ್ಟು, ಒಂದು ಮಗುವನ್ನು ಕ್ಯಾಷಿಯರ್ ಮಾಡಿದೆ. ಮೂರು ನೂರರ ನೋಟಿನಲ್ಲಿ ಒಂದನ್ನು ಚಿಲ್ಲರೆ ಮಾಡಿಸಿದರೆ ಹತ್ತು ಹತ್ತರ ನೋಟು. ಅದರಲ್ಲಿ ಒಂದನ್ನು ಮತ್ತೆ ಚಿಲ್ಲರೆ ಮಾಡಿಸಿದರೆ ಹತ್ತು ರೂಪಾಯಿ, ಮೊದಲಿನ ನಾಲ್ಕು ಸೇರಿ ಹದಿನಾಲ್ಕು. ಈಗ ಏಳು ಕೊಡು, ಎಂಟು ಹತ್ತು ಕೊಡು, ಒಂದು ನೂರು ಕೊಡು. ಕೈಯಲ್ಲಿ ಉಳಿದದ್ದು 117. ಸೊನ್ನೆ ಯಾಕೆ ಒಂಬತ್ತಾಯಿತು ಅಂತ ಆ ಮಗು ಇನ್ನೊಂದು ಮಗುವಿಗೆ ಹೇಳಿಕೊಡುವುದನ್ನು ನೋಡಿದಾಗ ನನ್ನ ಅಷ್ಟು ವರ್ಷದ ಸರ್ವೀಸು ಎಲ್ಲೋ ಉಪಯೋಗಕ್ಕೆ ಬಂತು ಅನ್ನಿಸಿತು. ನೀವು ಮಾಡಿದ ಉದ್ಯೋಗದಲ್ಲೂ ಹೀಗೆ ಮಕ್ಕಳಿಗೆ ಕೊಡುವಂಥದ್ದು ಏನೋ ಇದ್ದೇ ಇರುತ್ತದೆ. ಟೈಲರಿಗೆ ಅಳತೆ ಗೊತ್ತು, ಬಸ್ ಕಂಡಕ್ಟರಿಗೆ ಬಾಯಿಲೆಕ್ಕ ಗೊತ್ತು, ನರ್ಸಿಗೆ ದೇಹ ಗೊತ್ತು.

ಮೊದಲ ಪ್ರಶ್ನೆಗೆ ಶಾಲೆಯಷ್ಟು ಜೋರಾಗಿ ಉತ್ತರ ಕೊಡುವ ಜಾಗ ಇನ್ನೊಂದಿಲ್ಲ. ಒಂದು ವಾರ ಜ್ವರ ಬಂದು ಹೋಗದಿದ್ದರೆ ಗೇಟಿನಲ್ಲೇ ಕೈ ಹಿಡಿದು ಕೇಳುತ್ತಾರೆ.

ಆದರೆ ಕಷ್ಟಗಳೂ ಇವೆ. ಗಂಟಲು ಬೇಕು. ನೆಲದ ಮೇಲೆ ಕೂತು ಏಳುವ ಮಂಡಿ ಬೇಕು. ದಸರಾ ರಜೆ, ಟೀಚರುಗಳ ತರಬೇತಿ, ಕ್ರೀಡಾಕೂಟ, ಚುನಾವಣೆ ಅಂತ ಪಾಠ ಎಷ್ಟೋ ಸಲ ತಪ್ಪುತ್ತದೆ. ಏಪ್ರಿಲ್, ಮೇ ಬಂದರೆ ದಿನಗಳು ಮತ್ತೆ ಖಾಲಿ. ಮಗಳ ಮನೆಗೆ ಮೂರು ತಿಂಗಳು ಹೋಗಿ ಬಂದರೆ ಮಕ್ಕಳು ಕಲಿತದ್ದು ಅರ್ಧ ಜಾರಿರುತ್ತದೆ, ಅದು ಮನಸ್ಸಿಗೆ ನೋವು. ಒಂದು ಸಂಸ್ಥೆಯ ಮೂಲಕವೂ ಸ್ವಲ್ಪ ಕಾಲ ಹೋದೆ. ಅಲ್ಲಿ ಪಾಠಕ್ಕಿಂತ ಫೋಟೊ, ವರದಿ ಜಾಸ್ತಿ ಕೇಳುತ್ತಿದ್ದರು. ನೇರವಾಗಿ ಮುಖ್ಯ ಶಿಕ್ಷಕರನ್ನು ಕಂಡು, ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರ ಒಪ್ಪಿಗೆ ಪಡೆದು ಹೋಗುವುದೇ ಸರಿ.

ಕೆರೆಗೆ ಯಾರ ಒಪ್ಪಿಗೆಯೂ ಬೇಡ. ನಮ್ಮ ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆದದ್ದು, ಈಗ ವಿಶ್ವವಿದ್ಯಾನಿಲಯದ ಆವರಣಕ್ಕೆ ಸೇರಿದೆ. ದಂಡೆಯ ಮೇಲೆ ವಾಕಿಂಗ್ ಬರುವವರು ನೂರಾರು ಜನ. ನೀರಿನ ಕಡೆ ತಿರುಗಿ ನಿಲ್ಲುವವರು ಕಡಿಮೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ ಎಲ್ಲ ಬರಿಗಣ್ಣಿಗೇ ಕಾಣುತ್ತವೆ, ಪೊದೆಯೊಳಗಿನ ಟುವ್ವಿ ಹಕ್ಕಿಗೆ ದುರ್ಬೀನು ಬೇಕು. 8x42 ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಅದಕ್ಕಿಂತ ಜಾಸ್ತಿ ಪಟ್ಟಿನದು ನಮ್ಮ ವಯಸ್ಸಿನ ಕೈಯಲ್ಲಿ ಅಲುಗಾಡುತ್ತದೆ, ಅಂಗಡಿಯವರು ಏನೇ ಹೇಳಲಿ.

ಸುಮ್ಮನೆ ನೋಡಿ ಬಂದರೆ ಕೆಲವು ವಾರಕ್ಕೆ ಬೇಜಾರು ಬರುತ್ತದೆ. ಇ-ಬರ್ಡ್‌ನಲ್ಲಿ ಪಟ್ಟಿ ಹಾಕಲು ಶುರು ಮಾಡಿದ ಮೇಲೆ ನನಗೆ ಇದರ ರುಚಿ ಹತ್ತಿದ್ದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ನಡೆಸುವ ತಾಣ ಅದು. ಒಂದಿಷ್ಟು ಹೊತ್ತು ನಿಂತು, ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಎಣಿಸಿ ಹಾಕಬೇಕು, ಕಾಗೆ ಮೈನಾ ಅಂತ ಬಿಡುವ ಹಾಗಿಲ್ಲ. ನಾವು ಹಾಕಿದ ಲೆಕ್ಕವನ್ನು ಸಂಶೋಧಕರು ಬಳಸುತ್ತಾರೆ. ಅಪರೂಪದ ಹಕ್ಕಿ ಬರೆದರೆ ಯಾರೋ ಒಬ್ಬರು ವಿಚಾರಿಸಿ ಪತ್ರ ಬರೆಯುತ್ತಾರೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಎಣಿಕೆ ನಡೆಯುತ್ತದೆ, ಹೊಸಬರು ಶುರು ಮಾಡಲು ಅದು ಒಳ್ಳೆಯ ಸಮಯ. ಚಳಿಗಾಲದಲ್ಲಿ ಉತ್ತರದಿಂದ ಕುಂಡೆಕುಸ್ಕಗಳು ಬಂದು ಬಾಲ ಕುಣಿಸುತ್ತ ದಂಡೆಯಲ್ಲಿ ಓಡಾಡುವುದನ್ನು ಕಂಡರೆ, ವರ್ಷದ ಲೆಕ್ಕ ಇಡಲು ಕ್ಯಾಲೆಂಡರು ಬೇಡ ಅನ್ನಿಸುತ್ತದೆ.

ಎರಡನ್ನೂ ಎದುರುಬದುರು ಇಟ್ಟರೆ, ಕಲಿಕೆಯಲ್ಲಿ ಕೆರೆ ಮುಂದೆ. ಆರು ತಿಂಗಳಲ್ಲಿ ಕೂಗು ಕೇಳಿಯೇ ಕುಟ್ರುಹಕ್ಕಿ ಯಾವುದು, ಕೆಂಬೂತ ಯಾವುದು ಅಂತ ಹೇಳಬಹುದು. ಶಾಲೆಯಲ್ಲಿ ನಾವು ಕಲಿಯುವುದು ನಿಧಾನ, ಕೆಲವು ಮಕ್ಕಳ ವಿಷಯದಲ್ಲಿ ಏನೂ ನಡೆಯುವುದಿಲ್ಲ. ಮೈಗೆ ಕೆರೆ ಒಳ್ಳೆಯದು. ಪ್ರಯಾಣಕ್ಕೂ ಕೆರೆಯೇ ಅನುಕೂಲ, ಎಲ್ಲಿ ಹೋದರೂ ಹಕ್ಕಿ ಇರುತ್ತದೆ. ಖರ್ಚು ದುರ್ಬೀನಿನದು ಮಾತ್ರ. ಆದರೂ ನಾನು ಶಾಲೆಯನ್ನೇ ಮೇಲೆ ಇಡುತ್ತೇನೆ. ಹೆಜ್ಜಾರ್ಲೆಗೆ ನಾನು ಬಂದೆನೋ ಇಲ್ಲವೋ ಬೇಕಾಗಿಲ್ಲ. ಮಳೆ ಬಂದ ದಿನ ಕೆರೆಗೆ ಹೋಗದೆ ಮಲಗಬಹುದು, ಶಾಲೆಗೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಆ ಕಟ್ಟುಪಾಡೇ ನನ್ನನ್ನು ನಿವೃತ್ತಿಯ ಮೊದಲ ವರ್ಷದ ಮಂಕಿನಿಂದ ಎಬ್ಬಿಸಿದ್ದು. ನಿಮಗೆ ಅಷ್ಟು ವರ್ಷ ಕಟ್ಟುಪಾಡಿನಲ್ಲಿ ಇದ್ದು ಸಾಕಾಗಿ ಉಸಿರು ಬಿಡಬೇಕು ಅನ್ನಿಸಿದ್ದರೆ ಕೆರೆಯೇ ಸರಿ. ಪೊಲೀಸ್ ಇಲಾಖೆಯಲ್ಲೋ ಆಸ್ಪತ್ರೆಯಲ್ಲೋ ಹಗಲು ರಾತ್ರಿ ದುಡಿದವರಿಗೆ ನಾನು ಮೊದಲ ವರ್ಷ ಕೆರೆ ಅಂತಲೇ ಹೇಳುವುದು.

ವಿಕಿಸೋರ್ಸ್ ಬಗ್ಗೆ ಗೊತ್ತಿರುವವರು ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಪುಸ್ತಕಗಳಿಗೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಇರುವುದಿಲ್ಲ. ಅಂಥ ಪುಸ್ತಕಗಳ ಪುಟದ ಚಿತ್ರ ಒಂದು ಕಡೆ, ಕಂಪ್ಯೂಟರು ಓದಿಕೊಟ್ಟ ಅಕ್ಷರ ಇನ್ನೊಂದು ಕಡೆ. ಎರಡನ್ನೂ ತಾಳೆ ನೋಡಿ ತಿದ್ದುವುದು ನಮ್ಮ ಕೆಲಸ. ಕಂಪ್ಯೂಟರಿಗೆ ಹಳೆ ಅಚ್ಚಿನ ಒತ್ತಕ್ಷರ ಗೊತ್ತಾಗುವುದಿಲ್ಲ, ದ ಮತ್ತು ಧ ಕಲೆಸಿಬಿಡುತ್ತದೆ, ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ ಕೂರಿಸುತ್ತದೆ. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ ಮೇಲೆ ಹಳದಿ, ಇನ್ನೊಬ್ಬರು ಪರೀಕ್ಷಿಸಿದ ಮೇಲೆ ಹಸಿರು. ನಿಮ್ಮ ಹಳದಿಯನ್ನು ನೀವೇ ಹಸಿರು ಮಾಡುವ ಹಾಗಿಲ್ಲ. ಎಲ್ಲೋ ಇರುವ ಮತ್ತೊಬ್ಬ ಕನ್ನಡಿಗರ ಕಣ್ಣು ನಿಮ್ಮ ಕೆಲಸದ ಮೇಲೆ ಬೀಳಲೇಬೇಕು, ಅದು ನನಗೆ ತುಂಬಾ ಹಿಡಿಸಿತು.

ಇದು ಮಗ ಮಗಳ ಮನೆಗೆ ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಬಾಣಂತನಕ್ಕೆ ಹೋಗುವವರಿಗೆ ಹೇಳಿ ಮಾಡಿಸಿದ ಕೆಲಸ. ಮಗು ಮಲಗಿದ ಮೇಲೆ ಒಂದು ಪುಟ, ಬೇರೆ ಸಮಯದಲ್ಲಿ ಇನ್ನೊಂದು ಪುಟ. ಹಿಮ ಬಿದ್ದು ಮನೆಯಿಂದ ಹೊರಗೆ ಹೋಗಲು ಆಗದ, ಸುತ್ತ ಕನ್ನಡದ ಒಂದು ಮಾತೂ ಕೇಳದ ಮಧ್ಯಾಹ್ನಗಳಲ್ಲಿ ಹಳೆ ಕನ್ನಡ ಗದ್ಯದ ಜೊತೆ ಕೂರುವುದು ದೊಡ್ಡ ಆಸರೆ. ಊರಲ್ಲಿರುವಾಗ ಮಾತ್ರ ಇದು ನನಗೆ ಸಾಲುವುದಿಲ್ಲ. ಕಣ್ಣು, ಕತ್ತು ನೋಯುತ್ತದೆ, ಮುಖ ನೋಡಿ ಮಾತಾಡುವವರು ಇರುವುದಿಲ್ಲ.

ಗಂಡ ಹೆಂಡತಿ ಇಬ್ಬರೂ ನಿವೃತ್ತರಾಗಿದ್ದರೆ ಒಂದೇ ಕೆಲಸಕ್ಕೆ ಹೋಗಬೇಡಿ, ರಾತ್ರಿ ಊಟಕ್ಕೆ ಕೂತಾಗ ಒಬ್ಬರಿಗೊಬ್ಬರು ಹೇಳಲು ಏನಾದರೂ ಇರಬೇಕು. ಶಾಲೆಗೆ ಹೋಗುವ ಮನಸ್ಸಿದ್ದರೆ ಬಾಗಿಲು ತೆರೆದ ಕೂಡಲೇ ಹೋಗಬೇಡಿ, ಆಗ ದಾಖಲಾತಿ, ಪುಸ್ತಕ ಹಂಚುವ ಗಡಿಬಿಡಿ. ಜೂನ್ ಮಧ್ಯದಲ್ಲಿ ಮುಖ್ಯ ಶಿಕ್ಷಕರನ್ನು ಕಾಣಿ. "ಏನಾದರೂ ಸಹಾಯ ಮಾಡುತ್ತೇನೆ" ಅಂದರೆ ಅವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಇಂಥ ವಾರ, ಇಂಥ ಗಂಟೆ, ನಾಲ್ಕನೇ ತರಗತಿಯ ಐದು ಮಕ್ಕಳು, ಕಳೆಯುವ ಲೆಕ್ಕ ಅಂತ ಬಿಡಿಸಿ ಕೇಳಿ. ನಾನು ಕೇಳಿದ್ದು ಹಾಗೆ, ಆ ವಾರವೇ ಜಗುಲಿ ಸಿಕ್ಕಿತು.