ಹದಿನೆಂಟಾದ ಮೇಲೆ ಸಿಕ್ಕ ಮನೆ

ಬಾಲಮಂದಿರದಿಂದ 18ಕ್ಕೆ ಹೊರಬಂದೆ. ಈಗ ಇರುವುದು ಶಿವಮೊಗ್ಗದ ಒಂದು ಅನುಪಾಲನಾ ಗೃಹದಲ್ಲಿ, ಅಂದರೆ ನಮ್ಮಂತೆ ಬಾಲಮಂದಿರ ಬಿಟ್ಟವರು ಸ್ವಲ್ಪ ಕಾಲ ಇರುವ ಮನೆಯಲ್ಲಿ, ಒಟ್ಟು ಆರು ಜನ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ: ಕೈಗೆ ಬೀಗದ ಕೈ ಕೊಟ್ಟರು. ಅಷ್ಟು ವರ್ಷ ಬೇರೆಯವರೇ ಬಾಗಿಲು ಹಾಕುತ್ತಿದ್ದರು, ಹಾಗಾಗಿ ಮೊದಲ ದಿನ ಬಸ್‌ಸ್ಟ್ಯಾಂಡ್ ತನಕ ಹೋಗಿ, ಬೀಗ ಸರಿಯಾಗಿ ಬಿದ್ದಿದೆಯಾ ಅಂತ ವಾಪಸ್ ಬಂದು ಎಳೆದು ನೋಡಿದ್ದೆ. ಅಡುಗೆ ನಾವೇ ಮಾಡಬೇಕು. ನನ್ನ ಸಾರು ಯಾರೂ ಹೊಗಳಿಲ್ಲ.

ಮಳೆಗಾಲ ಮಾತ್ರ ಕಷ್ಟ. ಹಂಚು ಸೋರುತ್ತದೆ, ಬಟ್ಟೆ ನಾಲ್ಕು ದಿನವಾದರೂ ಒಣಗಲ್ಲ, ಹೇಳಿದರೆ 'ನೋಡೋಣ' ಅಂತಾರೆ.

ಕಾನೂನಿನಂತೆ 21ರವರೆಗೆ ನೆರವು, ತೀರಾ ಅಗತ್ಯವಿದ್ದರೆ 23. ಬಾಡಿಗೆ ಮನೆ ಈಗಲೇ ಹುಡುಕುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವುದು 'ಅಪ್ಪ ಏನ್ ಮಾಡ್ತಾರೆ?' ಅಡ್ವಾನ್ಸ್ ವಿಷಯ ಆಮೇಲೆ.