ಐಪ್ಯಾಡ್ ಕಿಟಕಿ ತೆರೆಯಿತು, ನುಡಿ ಫೈಲ್ ತೆರೆಯಲಿಲ್ಲ: ಲ್ಯಾಪ್‌ಟಾಪ್ ಇಲ್ಲದ ಐದು ವಾರ

ದಸರಾ ಮುಗಿದ ಮಾರನೇ ದಿನ ನನ್ನ ಲ್ಯಾಪ್‌ಟಾಪಿನ ಕೀಲು ಮುರಿಯಿತು. ಮುಚ್ಚಳ ಎತ್ತಿದೆ, ಕಟಕ್ ಅಂತ ಸದ್ದು, ಪರದೆಯ ಎಡಮೂಲೆ ಹಲಸಿನ ಸಿಪ್ಪೆ ಬಿಟ್ಟ ಹಾಗೆ ಎದ್ದು ಬಂತು. ರಿಪೇರಿ ಅಂಗಡಿಯಲ್ಲಿ, "ಪಾರ್ಟು ಬೆಂಗಳೂರಿಂದ ಬರ್ಬೇಕು ಸಾರ್, ಒಂದ್ ವಾರ" ಎಂದರು. ಆ ಒಂದು ವಾರ ಎಳೆದೂ ಎಳೆದೂ ಐದು ವಾರವಾಯಿತು.

ನನ್ನ ಕೆಲಸ ದೊಡ್ಡದೇನಲ್ಲ. ಶಿವಮೊಗ್ಗದಲ್ಲಿ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ನಾಲ್ಕೈದು ಪ್ರೆಸ್‌ಗಳಿಗೆ ಕರಡು ತಿದ್ದಿಕೊಡುತ್ತೇನೆ. ತಿಂಗಳ ಕೊನೆಗೆ ಬಿಲ್ ಬರೆಯುತ್ತೇನೆ, ಮೂರು ಸಲ ಫೋನ್ ಮಾಡಿ ದುಡ್ಡು ಕೇಳುತ್ತೇನೆ. ಕರಡು ಓದೋಕೆ ಅಂತ ತಗೊಂಡಿದ್ದ 11 ಇಂಚಿನ ಐಪ್ಯಾಡ್ ಏರ್, ಎಂ3 ಚಿಪ್ಪಿನದ್ದು, ಮನೆಯಲ್ಲಿತ್ತು. ಭಾವನ ಮನೆಯ ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್ಇ ಎಂಟು ದಿನಕ್ಕೆ ಸಾಲ ಸಿಕ್ಕಿತು. ಲ್ಯಾಪ್‌ಟಾಪ್ ಬೇಡವೇ ಬೇಡ ಅನ್ನಬಹುದಾ, ನೋಡಿಬಿಡೋಣ ಎಂದುಕೊಂಡೆ.

ಟ್ಯಾಬ್ಲೆಟ್ ಬಂದು ಲ್ಯಾಪ್‌ಟಾಪನ್ನು ಓಡಿಸುತ್ತದೆ ಅನ್ನೋ ಮಾತು ಹಳೆಯದು. 2014ರಲ್ಲೇ ಮೈಕ್ರೋಸಾಫ್ಟ್‌ನವರು ಸರ್ಫೇಸ್ ಪ್ರೊ 3 ಅನ್ನು ಹಾಗೆ ಹೇಳಿಕೊಂಡೇ ಮಾರಿದ್ದರು. ಆದರೆ ಅದರೊಳಗೆ ಇದ್ದದ್ದು ಪೂರ್ತಿ ವಿಂಡೋಸ್. ಕೀಬೋರ್ಡ್ ಕಳಚಿ ಇಡಬಹುದಾದ ಲ್ಯಾಪ್‌ಟಾಪ್ ಅಂದರೂ ತಪ್ಪಿಲ್ಲ. ಐಪ್ಯಾಡಿನ ದಾರಿ ಬೇರೆ. 2010ರಲ್ಲಿ ಬಂದಾಗ ಪರದೆಯ ಮೇಲೆ ಒಂದು ಸಲಕ್ಕೆ ಒಂದೇ ಆ್ಯಪ್. ಪರದೆಯನ್ನು ಎರಡು ಪಾಲು ಮಾಡೋಕೆ 2015ರವರೆಗೆ ಕಾಯಬೇಕಾಯಿತು. ಮೌಸ್ ಸರಿಯಾಗಿ ಹಿಡಿಯೋಕೆ 2020. 2022ರಲ್ಲಿ ಆ್ಯಪ್‌ಗಳನ್ನು ಬೇರೆ ಬೇರೆ ಕಿಟಕಿಗಳಲ್ಲಿ ತೆರೆದಿಡುವ ಸ್ಟೇಜ್ ಮ್ಯಾನೇಜರ್ ಬಂತು; ಅದನ್ನು ನಾನು ಎರಡು ದಿನ ಬಳಸಿ ಆಫ್ ಮಾಡಿದ್ದೆ. ಕಿಟಕಿಯನ್ನು ನಾನು ಒಂದು ಕಡೆ ಇಟ್ಟರೆ ಅದು ತನಗೆ ಬೇಕಾದ ಕಡೆ ಸರಿದು ಕೂರುತ್ತಿತ್ತು.

ಐಪ್ಯಾಡನ್ನು ನಡೆಸುವ ಸಾಫ್ಟ್‌ವೇರಿನ ಹೊಸ ಆವೃತ್ತಿ, 2025ರ ಸೆಪ್ಟೆಂಬರಿನಲ್ಲಿ ಬಂದ ಐಪ್ಯಾಡ್‌ಓಎಸ್ 26, ನಿಜಕ್ಕೂ ಬೇರೆಯೇ. ಕಿಟಕಿಯ ಕೆಳಗಿನ ಬಲಮೂಲೆ ಹಿಡಿದು ಎಳೆದರೆ ಬೇಕಾದ ಅಳತೆಗೆ ಬರುತ್ತದೆ. ಎಡ ಮೇಲ್ಮೂಲೆಯಲ್ಲಿ ಮ್ಯಾಕ್‌ನ ಹಾಗೆಯೇ ಕೆಂಪು, ಹಳದಿ, ಹಸಿರು ಬಟನ್. ಪರದೆಯ ಮೇಲಂಚಿನಿಂದ ಬೆರಳು ಇಳಿಸಿದರೆ ಮೆನು ಪಟ್ಟಿ. ಕಿಟಕಿಯನ್ನು ಪಕ್ಕಕ್ಕೆ ಬೀಸಿದರೆ ಅರ್ಧ ಪರದೆಗೆ ಅಂಟಿ ಕೂರುತ್ತದೆ. ಮುಚ್ಚಿ ಮತ್ತೆ ತೆರೆದರೆ ಮೊದಲಿದ್ದ ಜಾಗದಲ್ಲೇ ಇರುತ್ತದೆ. ಇಷ್ಟಕ್ಕೆ ಹದಿನೈದು ವರ್ಷ ಬೇಕಿತ್ತಾ ಅಂತ ಕೇಳಬೇಡಿ. ಒಂದು ಆ್ಯಪಿನ ಮೇಲೆ ಇನ್ನೊಂದನ್ನು ಪಕ್ಕದಿಂದ ಸರಿಸಿ ತರುವ ಹಳೇ ಸ್ಲೈಡ್ ಓವರ್ ಅನ್ನು ಇದರಲ್ಲಿ ತೆಗೆದು ಹಾಕಿದ್ದರು. ಜನ ಗೊಣಗಿದ ಮೇಲೆ 26.1ರಲ್ಲಿ ವಾಪಸ್ ತಂದರು.

ಮೊದಲ ದಿನ ಅನುವಾದಕ್ಕೆ ಕೂತೆ. ಎಡಕ್ಕೆ ಇಂಗ್ಲಿಷ್ ಪಿಡಿಎಫ್, ಬಲಕ್ಕೆ ವರ್ಡ್, ಕೆಳಗೆ ಸಣ್ಣದಾಗಿ ಬ್ರೌಸರ್‌ನಲ್ಲಿ ಅಲರ್ ನಿಘಂಟು. ಲ್ಯಾಪ್‌ಟಾಪಿನಲ್ಲಿ ನಾನು ದಿನವೂ ಇಟ್ಟುಕೊಳ್ಳುವ ಜೋಡಣೆ ಇದೇ. ಖುಷಿಯಾಯಿತು. ಆದರೆ 11 ಇಂಚು 11 ಇಂಚೇ ತಾನೆ? ಮೂರು ಕಿಟಕಿ ಇಟ್ಟರೆ ಕನ್ನಡದ ಒತ್ತಕ್ಷರ ಇರುವೆ ಸಾಲಾಗುತ್ತದೆ. ಎರಡನೇ ದಿನಕ್ಕೆ ಎರಡೇ ಕಿಟಕಿಗೆ ಇಳಿದೆ. ನಿಘಂಟು ಫೋನಿಗೆ ಹೋಯಿತು.

ಆಮೇಲೆ ಶುರುವಾಯಿತು ಕೀಬೋರ್ಡ್ ಕಥೆ. ಈ ಟ್ಯಾಬ್ಲೆಟ್ ವಿಮರ್ಶೆ ಮಾಡುವವರು ಯಾರೂ ಕನ್ನಡದಲ್ಲಿ ಟೈಪ್ ಮಾಡಿ ನೋಡಿರುವುದಿಲ್ಲ, ಅಲ್ವಾ?

ನಾನು ಇಪ್ಪತ್ತು ವರ್ಷದಿಂದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿ ಜೋಡಣೆಯಲ್ಲಿ ಟೈಪ್ ಮಾಡುವವನು. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಕಲಿತದ್ದು. ಕೆ ಒತ್ತಿದರೆ ಕ, ಎಚ್ ಒತ್ತಿದರೆ ಹ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಬೆರಳಿಗೆ ಅದು ಉಸಿರಾಟದ ಹಾಗೆ. ಐಪ್ಯಾಡಿಗೆ ಬ್ಲೂಟೂತ್ ಕೀಬೋರ್ಡ್ ಜೋಡಿಸಿದಾಗ ನನಗೆ ಸಿಕ್ಕಿದ್ದು ಭಾರತೀಯ ಭಾಷೆಗಳಿಗೆಲ್ಲ ಒಂದೇ ಥರ ಇರಲಿ ಅಂತ ಮಾಡಿದ ಇನ್‌ಸ್ಕ್ರಿಪ್ಟ್ ಜೋಡಣೆ. ಅಭ್ಯಾಸಬಲದಿಂದ "ಹಾಲು" ಎಂದು ಟೈಪ್ ಮಾಡಿದೆ. ಪರದೆಯ ಮೇಲೆ ಬಂದದ್ದು "ಪಓತಹ". ಇನ್‌ಸ್ಕ್ರಿಪ್ಟಿನಲ್ಲಿ ಎಚ್ ಅಂದರೆ ಪ, ಎಲ್ ಅಂದರೆ ತ, ಯು ಅಂದರೆ ಹ. ಒತ್ತಕ್ಷರಕ್ಕೆ ಎಫ್ ಬದಲು ಡಿ. ನನ್ನ ಹೆಂಡತಿ ಪರದೆ ನೋಡಿ, "ಇದ್ಯಾವ ಭಾಷೆಗೆ ಅನುವಾದ?" ಎಂದಳು.

ಆ್ಯಪ್ ಸ್ಟೋರಿನಲ್ಲಿ ಬೇರೆ ಕನ್ನಡ ಕೀಬೋರ್ಡ್ ಆ್ಯಪ್‌ಗಳು ಇವೆ, ಹಾಕಿಕೊಂಡರಾಯಿತು ಅನ್ನಿಸಬಹುದು. ನಾನೂ ಹಾಕಿದೆ. ಆದರೆ ಐಪ್ಯಾಡಿನಲ್ಲಿ ಅವು ಗಾಜಿನ ಮೇಲೆ ಮೂಡುವ ಕೀಲಿಮಣೆಗೆ ಮಾತ್ರ. ಹೊರಗಿನ ಕೀಬೋರ್ಡಿನಲ್ಲಿ ಒತ್ತಿದ್ದು ಅವುಗಳಿಗೆ ತಲುಪುವುದೇ ಇಲ್ಲ. ವಿಂಡೋಸಿನಲ್ಲಿ ನುಡಿಯೋ ಬರಹವೋ ಹಾಕಿಕೊಂಡರೆ ಮುಗಿಯಿತು, ಯಾವ ಕೀಬೋರ್ಡಾದರೂ ನಮ್ಮ ಮಾತು ಕೇಳುತ್ತದೆ. ಇಲ್ಲಿ ಆ ಬಾಗಿಲು ಮುಚ್ಚಿದೆ.

ಗಾಜಿನ ಮೇಲೆ ಬೆರಳಲ್ಲಿ ದಿನಕ್ಕೆ ಎರಡು ಸಾವಿರ ಪದ ಕುಟ್ಟೋದು ನನ್ನ ಕೈಲಾಗದು. ಹಾಗಾಗಿ ಒಂದು ಚೀಟಿಯಲ್ಲಿ ಇನ್‌ಸ್ಕ್ರಿಪ್ಟ್ ನಕ್ಷೆ ಬರೆದು ಗೋಡೆಗೆ ಅಂಟಿಸಿ ಕಲಿಯೋಕೆ ಕೂತೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ತರ್ಕ ಚೆನ್ನಾಗೇ ಇದೆ. ಮೂರನೇ ವಾರಕ್ಕೆ ಅರ್ಧ ವೇಗ ಬಂತು. ಮೊದಲೇ ಇದನ್ನು ಕಲಿತವರಿಗೆ ಈ ಇಡೀ ಕಷ್ಟ ಇಲ್ಲ, ಅದನ್ನೂ ಹೇಳಬೇಕು.

ಆದರೆ ನನ್ನ ಪರೀಕ್ಷೆಯನ್ನು ನಿಜವಾಗಿ ಕೆಡಿಸಿದ್ದು ಕೀಬೋರ್ಡಲ್ಲ, ಪ್ರೆಸ್ಸಿನಿಂದ ಬಂದ ಒಂದು ಫೈಲು. ನನಗೆ ಗೊತ್ತಿರುವ ಪ್ರೆಸ್‌ಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ 7 ನಡೆಯುತ್ತದೆ. 2001ರ ಸಾಫ್ಟ್‌ವೇರು. ಇವತ್ತಿನ ಫೋನು, ಕಂಪ್ಯೂಟರ್‌ಗಳೆಲ್ಲ ಬಳಸುವ ಅಕ್ಷರ ಸಂಕೇತ ಯೂನಿಕೋಡ್; ಆ ಯೂನಿಕೋಡ್ ಕನ್ನಡ ಅದಕ್ಕೆ ಬರುವುದಿಲ್ಲ. ಹಾಗಾಗಿ ಪುಟ ಕಟ್ಟುವುದೆಲ್ಲ ನುಡಿ, ಶ್ರೀಲಿಪಿಯಂಥ ಹಳೇ ಫಾಂಟ್‌ಗಳಲ್ಲಿ. ಈ ಫಾಂಟ್‌ಗಳು ಮಾಡುವುದು ಒಂದು ಥರದ ವೇಷ: ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಚಿತ್ರ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ವೇಷ ಕಳಚುತ್ತದೆ.

ಎಂಬತ್ತು ಪುಟದ ಕಥಾಸಂಕಲನ. ವರ್ಡ್ ಫೈಲಿನಲ್ಲಿ, ನುಡಿ ಫಾಂಟಿನಲ್ಲಿ ಬಂತು. ಐಪ್ಯಾಡಿನಲ್ಲಿ ತೆರೆದರೆ ಸಾಲು ಸಾಲಾಗಿ ಇಂಗ್ಲಿಷ್ ದೊಡ್ಡಕ್ಷರ, ಅವುಗಳ ತಲೆ ಮೇಲೆ ಟೋಪಿ, ಚುಕ್ಕೆ, ಗೀಟು. ಕನ್ನಡ ಒಂದಕ್ಷರ ಇಲ್ಲ. ಐಪ್ಯಾಡಿಗೆ ಫಾಂಟ್ ಹಾಕೋಕೆ ಸುತ್ತುದಾರಿ ಇದೆ, ಅದಕ್ಕೊಂದು ಆ್ಯಪ್ ಹಾಕಿ, ಸೆಟ್ಟಿಂಗ್ಸಿಗೆ ಹೋಗಿ ಒಪ್ಪಿಗೆ ಕೊಟ್ಟು, ಎಲ್ಲ ಆಯಿತು. ಅಕ್ಷರ ಕಂಡವು. ಆದರೆ ತಿದ್ದುವುದು ಹೇಗೆ? ನಾನು ಟೈಪ್ ಮಾಡುವುದು ಯೂನಿಕೋಡ್, ಫೈಲಿನಲ್ಲಿರುವುದು ಹಳೇ ಸಂಕೇತ. ಒಂದು "ಳ" ತಿದ್ದಿದರೆ ಅದೊಂದೇ ಅಕ್ಷರ ಬೇರೆ ಮುಖ ಹಾಕಿಕೊಂಡು ಮಧ್ಯೆ ನಿಲ್ಲುತ್ತದೆ, ಮದುವೆ ಗುಂಪಿನ ಫೋಟೋದಲ್ಲಿ ಗುರುತಿಲ್ಲದವನ ಹಾಗೆ. ಇಡೀ ಫೈಲನ್ನು ವೆಬ್‌ಸೈಟಿನಲ್ಲಿ ಯೂನಿಕೋಡಿಗೆ ಬದಲಿಸಿ ತಿದ್ದಬಹುದು. ಆದರೆ ಪ್ರೆಸ್ಸಿನವರಿಗೆ ಮತ್ತೆ ಹಳೇ ಸಂಕೇತದಲ್ಲೇ ಬೇಕು. ಹಿಂದೆ ಮುಂದೆ ಬದಲಿಸುವಾಗ ಅರ್ಕಾವತ್ತು ಎಲ್ಲಾದರೂ ಬಿದ್ದುಹೋಗುತ್ತದೆ, ಅದನ್ನು ಹುಡುಕಲು ಮತ್ತೊಂದು ಸಲ ಓದಬೇಕು. ಲ್ಯಾಪ್‌ಟಾಪಿನಲ್ಲಾದರೆ ನುಡಿ ತೆರೆದು, ಅಲ್ಲೇ ತಿದ್ದಿ, ಕಳಿಸಿ ಚಹಾ ಕುಡಿಯಬಹುದಿತ್ತು.

ಕೊನೆಗೆ ಪ್ರೆಸ್ಸಿನವರಿಗೆ ಫೋನ್ ಮಾಡಿ, "ಪಿಡಿಎಫ್ ಮಾಡಿ ಕಳಿಸಿ, ಮೇಲೆ ಗುರುತು ಹಾಕಿ ಕೊಡ್ತೀನಿ" ಎಂದೆ.

ಇಲ್ಲಿ ಐಪ್ಯಾಡು ನನ್ನ ಬಾಯಿ ಮುಚ್ಚಿಸಿತು. ಕರಡು ತಿದ್ದುವ ಕೆಲಸ ಇದರಷ್ಟು ಚೆನ್ನಾಗಿ ಲ್ಯಾಪ್‌ಟಾಪಿನಲ್ಲಿ ಯಾವತ್ತೂ ಆಗಿರಲಿಲ್ಲ. ಪರದೆ ಮೇಲೆ ಬರೆಯುವ ಆ್ಯಪಲ್ ಪೆನ್ಸಿಲ್ ಹಿಡಿದು, ಜಗಲಿಯಲ್ಲಿ ಕಾಲು ಚಾಚಿ ಕೂತು, ಪುಟದ ಅಂಚಿನಲ್ಲಿ ಹಳೇ ಕಾಲದ ಹಾಗೇ ಗುರುತು. ಕಾಗುಣಿತ ತಪ್ಪಿದ ಕಡೆ ಸುತ್ತು, ಸೇರಿಸಬೇಕಾದ ಕಡೆ ಕಾಗೆಕಾಲು, ಪದ ಅದಲು ಬದಲಾದ ಕಡೆ ಹಾವಿನ ಗೆರೆ. ಬೆರಳಲ್ಲಿ ಹಿಗ್ಗಿಸಿದರೆ ಒತ್ತಿನ ಕೆಳಗೆ ಅಡಗಿದ್ದ ಅಚ್ಚುತಪ್ಪೂ ಕಾಣುತ್ತದೆ. ನನ್ನದು 7,900 ರೂಪಾಯಿಯ ಯುಎಸ್‌ಬಿ-ಸಿ ಪೆನ್ಸಿಲ್, ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗುವುದಿಲ್ಲ. ಕರಡಿಗೆ ಅದು ಬೇಕಾಗೂ ಇಲ್ಲ. ಎಂಬತ್ತು ಪುಟ ಎರಡು ಸಂಜೆಯಲ್ಲಿ ಮುಗಿಯಿತು. ಪರದೆ ನೋಡಿ ನೋಡಿ ಬರುವ ಕತ್ತುನೋವು ಬರಲಿಲ್ಲ. ಪ್ರೆಸ್ಸಿನ ಹುಡುಗನಿಗೆ ಮಾತ್ರ ಕೆಲಸ ಜಾಸ್ತಿಯಾಯಿತು, ಗುರುತು ನೋಡಿ ಅವನೇ ಟೈಪ್ ಮಾಡಬೇಕಲ್ಲ. ಅವನು ನನಗೆ ಏನೂ ಹೇಳಲಿಲ್ಲ.

ಗ್ಯಾಲಕ್ಸಿ ಟ್ಯಾಬಿನ ಬಗ್ಗೆ ಎರಡು ಮಾತು. ಸ್ಯಾಮ್‌ಸಂಗಿನ ಡೆಕ್ಸ್ 2017ರಿಂದ ಇದೆ, ಮೊದಲು ಫೋನಿಗೆ ಬಂದದ್ದು. ಅದನ್ನು ಆನ್ ಮಾಡಿದರೆ ಕೆಳಗೆ ಪಟ್ಟಿ, ಮೇಲೆ ಕಿಟಕಿಗಳು, ವಿಂಡೋಸ್ ಬಲ್ಲವರಿಗೆ ಕಲಿಯೋದೇ ಬೇಡ. ಈ ವಿಷಯದಲ್ಲಿ ಐಪ್ಯಾಡಿಗಿಂತ ಎಷ್ಟೋ ವರ್ಷ ಮುಂದೆ ಇದ್ದವರು ಅವರು. ಪರದೆ ಮೇಲೆ ಬರೆಯುವ ಎಸ್ ಪೆನ್ ಡಬ್ಬಿಯಲ್ಲೇ ಬರುತ್ತದೆ, ಬೇರೆ ದುಡ್ಡಿಲ್ಲ. ಫೈಲುಗಳನ್ನು ಫೋಲ್ಡರಿನಿಂದ ಫೋಲ್ಡರಿಗೆ ಸಾಗಿಸುವುದು ಇದರಲ್ಲಿ ನನಗೆ ಸಲೀಸು ಅನ್ನಿಸಿತು. ಬಿಲ್ ಬರೆಯೋದು, ಮೇಲ್ ನೋಡೋದು, ಪಿಡಿಎಫ್ ಓದೋದು ಇಷ್ಟೇ ಇರುವವರಿಗೆ ನಾನು ಇಂಥದ್ದನ್ನೇ ಹೇಳೋದು. ದಿನವಿಡೀ ಬರೆಯುವಾಗ ಐಪ್ಯಾಡಿನ ಚುರುಕು ಬೇರೆ, ಅದು ಎಂ3 ಚಿಪ್ಪಿನ ಗುಣ, ಬೆಲೆಯೂ ಹಾಗೇ ಇದೆ.

ವರ್ಡ್ ಎರಡರಲ್ಲೂ ಇದೆ. ಆದರೆ 10.1 ಇಂಚಿಗಿಂತ ದೊಡ್ಡ ಪರದೆಯಲ್ಲಿ ತಿದ್ದಬೇಕಾದರೆ ಚಂದಾ ಕಟ್ಟಬೇಕು. ಮ್ಯಾಕ್ರೋ ಓಡುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಜೋಡಿ ಖಾಲಿ ಜಾಗ, ತಪ್ಪು ಉದ್ಧರಣ ಚಿಹ್ನೆ ಎಲ್ಲವನ್ನೂ ಒಂದೇ ಏಟಿಗೆ ಸರಿಮಾಡುವ ಮ್ಯಾಕ್ರೋ ಇತ್ತು. ಐದು ವಾರ ಅದನ್ನು ಕೈಯಲ್ಲೇ ಮಾಡಿದೆ.

ಒಂದು ಸಲ ಸರಿಯಾಗಿ ಸಿಕ್ಕಿಬಿದ್ದೆ. ಇನ್ನೂರು ಪುಟದ ಸ್ಕ್ಯಾನ್ ಅಪ್‌ಲೋಡ್‌ಗೆ ಇಟ್ಟು, ಆ ಆ್ಯಪ್ ಬಿಟ್ಟು ಬೇರೆ ಕಡೆ ಹೋಗಿ ಊಟ ಮುಗಿಸಿ ಬಂದೆ. ಸಂಜೆ ಪ್ರಕಾಶಕರ ಫೋನು: ಏನೂ ಬಂದಿಲ್ಲ. ನಾನು ಕಣ್ಣು ತಪ್ಪಿಸಿದ ಕೂಡಲೇ ಅದೂ ಕೆಲಸ ನಿಲ್ಲಿಸಿ ಕೂತಿತ್ತು. ಹಿನ್ನೆಲೆಯಲ್ಲಿ ಕೆಲಸ ಮುಂದುವರಿಸುವ ಸೌಲಭ್ಯ ಐಪ್ಯಾಡ್‌ಓಎಸ್ 26ರಲ್ಲಿ ಬಂದಿದೆ, ಆದರೆ ಆ್ಯಪ್ ಬರೆದವರು ಅದನ್ನು ಅಳವಡಿಸಿರಬೇಕು. ಅಂದಿನಿಂದ ದೊಡ್ಡ ಫೈಲ್ ಕಳಿಸುವಾಗ ಹಾಲು ಕಾಯಿಸಿದ ಹಾಗೆ ಎದುರಿಗೇ ನಿಲ್ಲುತ್ತೇನೆ.

ಪ್ರಯಾಣದಲ್ಲಿ ಯಾವುದು ಮೇಲು? ನಿಮ್ಮ ತೊಡೆಯನ್ನೇ ಕೇಳಿ. ಐಪ್ಯಾಡ್ ಬರೀ 460 ಗ್ರಾಂ. ಆದರೆ ಅದನ್ನು ಸ್ಟ್ಯಾಂಡಿಗೆ ಒರಗಿಸಿ, ಮುಂದೆ ಕೀಬೋರ್ಡ್ ಇಟ್ಟರೆ ಜನಶತಾಬ್ದಿ ರೈಲಿನ ತಿಂಡಿ ಹಲಗೆ ಸಾಲುವುದಿಲ್ಲ. ತೊಡೆ ಮೇಲೆ ಇಟ್ಟರೆ ಬೀರೂರು ಬರುವುದರೊಳಗೆ ಎರಡು ಸಲ ಬೀಳುತ್ತದೆ. ಲ್ಯಾಪ್‌ಟಾಪ್ ತೂಕವೇ, ಆದರೆ ಅದಕ್ಕೆ ತನ್ನದೇ ಬೆನ್ನೆಲುಬಿದೆ. ಕರೆಂಟ್ ವಿಷಯದಲ್ಲಿ ಮಾತ್ರ ಟ್ಯಾಬ್ಲೆಟ್ಟೇ ಗೆದ್ದಿತು. ಅಕ್ಟೋಬರಿನ ಗುಡುಗು ಮಳೆಗೆ ನಮ್ಮ ಬೀದಿಯಲ್ಲಿ ಇಡೀ ಮಧ್ಯಾಹ್ನ ಕರೆಂಟ್ ಹೋಗಿತ್ತು. ಫೋನಿನ ಪವರ್ ಬ್ಯಾಂಕ್ ಚುಚ್ಚಿ ಐಪ್ಯಾಡಿನಲ್ಲಿ ಕೆಲಸ ಮುಗಿಸಿದೆ. ನನ್ನ ಹಳೇ ಲ್ಯಾಪ್‌ಟಾಪ್ ಆಗಿದ್ದರೆ ಮುಕ್ಕಾಲು ಗಂಟೆಗೆ ಕಣ್ಣು ಮುಚ್ಚುತ್ತಿತ್ತು.

ದುಡ್ಡಿನ ಲೆಕ್ಕ ಹಾಕಿ ನೋಡಿ. 2025ರಲ್ಲಿ ಬಿಡುಗಡೆಯಾದಾಗಿನ ಬೆಲೆ ಹೇಳುತ್ತೇನೆ. 11 ಇಂಚಿನ ಐಪ್ಯಾಡ್ ಏರ್ ಎಂ3 59,900 ರೂಪಾಯಿ. ಆ್ಯಪಲ್‌ನವರದೇ ಮ್ಯಾಜಿಕ್ ಕೀಬೋರ್ಡ್ 26,900. ಪೆನ್ಸಿಲ್ ಪ್ರೊ 11,900. ಒಟ್ಟು 98,700. ಅದೇ ವರ್ಷದ ಎಂ4 ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್ ಶುರುವಾದದ್ದೇ 99,900ಕ್ಕೆ. ಟ್ಯಾಬ್ಲೆಟ್ಟನ್ನು ಲ್ಯಾಪ್‌ಟಾಪ್ ಮಾಡೋಕೆ ಹೋದರೆ ಲ್ಯಾಪ್‌ಟಾಪಿನ ಬೆಲೆಯೇ ಬರುತ್ತದೆ, 1,200 ರೂಪಾಯಿ ಉಳಿಯುತ್ತದೆ. ಅದಕ್ಕೇ ನಾನು ಮ್ಯಾಜಿಕ್ ಕೀಬೋರ್ಡಿಗೆ ಹೋಗಲಿಲ್ಲ. ಎರಡು ಸಾವಿರದೊಳಗಿನ ಬ್ಲೂಟೂತ್ ಕೀಬೋರ್ಡೇ ಸಾಕು ಎಂದುಕೊಂಡೆ. ಬರಿದೇ ಓದು, ಗುರುತು, ನಡುನಡುವೆ ನಾಲ್ಕು ಸಾಲು ಬರೆಯೋದು ಇದ್ದವರು 34,900 ರೂಪಾಯಿಯ ಎ16 ಐಪ್ಯಾಡಿನಲ್ಲೇ ನಿಲ್ಲಬಹುದು. ಐಪ್ಯಾಡ್‌ಓಎಸ್ 26ರ ಕಿಟಕಿಗಳು ಅದರಲ್ಲೂ ಬರುತ್ತವೆ.

ಲ್ಯಾಪ್‌ಟಾಪ್ ನವೆಂಬರಿನಲ್ಲಿ ವಾಪಸ್ ಬಂತು. ಹೊಸ ಕೀಲು, ಹಳೇ ಬ್ಯಾಟರಿ. ಈಗ ಅದು ಮೇಜು ಬಿಟ್ಟು ಏಳುವುದಿಲ್ಲ, ವೈರ್ ಸದಾ ಚುಚ್ಚಿಯೇ ಇರುತ್ತದೆ. ಚೀಲದಲ್ಲಿ ಐಪ್ಯಾಡ್. ಗೋಡೆಯ ಮೇಲಿನ ಇನ್‌ಸ್ಕ್ರಿಪ್ಟ್ ಚೀಟಿಯನ್ನು ಇನ್ನೂ ಕಿತ್ತಿಲ್ಲ.

ಮೊನ್ನೆ ರಾತ್ರಿ ಹತ್ತಕ್ಕೆ ಪ್ರೆಸ್ಸಿನಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ಫೈಲ್ ಬಂತು. "ಸರ್ ಅರ್ಜೆಂಟ್, ನಾಲ್ಕೇ ಪುಟ, ನೀವೇ ತಿದ್ದಿಬಿಡಿ." ಐಪ್ಯಾಡಿನಲ್ಲಿ ಮುಟ್ಟಿದೆ. ಬಿಳೀ ಹಾಳೆಯ ಚಿತ್ರ, ಕೆಳಗೆ ಪೇಜ್‌ಮೇಕರ್ ಬಾಲ, ಅಷ್ಟೇ. ಎದ್ದು ಹೋಗಿ ಲ್ಯಾಪ್‌ಟಾಪಿನ ಬಟನ್ ಒತ್ತಿದೆ. ಅದು ಎಚ್ಚರವಾಗೋದಕ್ಕೆ ಮೂರು ನಿಮಿಷ ಬೇಕು, ಅಷ್ಟರಲ್ಲಿ ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟೆ.